ಮಂಜುಗಡ್ಡೆಯ ಕೆಳಗಿನ ಕೆಮ್ಮಣ್ಣು

ಏಳು ಹಗ್ಗಗಳಲ್ಲಿ ತೂಗುಹಾಕಿದ ದೊಡ್ಡ ಮಂಜುಗಡ್ಡೆ. ಅದರಿಂದ ತೊಟ್ಟಿಕ್ಕುವ ನೀರು. ಕೆಳಗೆ ಆಗಷ್ಟೇ ಮುಚ್ಚಿದ ಗೋರಿಯಂಥ ಕೆಮ್ಮಣ್ಣಿನ ದಿಬ್ಬ. ಸುತ್ತ ನೆಲದ ಮೇಲೆ ತೆಳ್ಳಗೆ ಹರಡಿದ ಕರಿಪುಡಿ, ಅದರ ಅಂಚಿಗೆ ಬಿಳಿ. ಅಂತಿಮ ವರ್ಷದ ನಾಟಕ ತರಗತಿಯಲ್ಲಿ ಮೇಷ್ಟ್ರು ಈ ರಂಗಸೂಚನೆ ಓದಿ, "ಇದಕ್ಕೆ ಏನೇನು ಸಾಮಾನು ಬೇಕು, ಮೊದಲು ಪಟ್ಟಿ ಮಾಡಿ" ಅನ್ನುತ್ತಿದ್ದರು. ಅರ್ಥ, ಪ್ರತಿಮೆ, ವಸಾಹತುಶಾಹಿ ಎಲ್ಲ ಆಮೇಲೆ. ನಾಟಕ 'ದಿ ಸೆವೆನ್ ಸ್ಟೇಜಸ್ ಆಫ್ ಗ್ರೀವಿಂಗ್', ಅಂದರೆ ದುಃಖದ ಏಳು ಹಂತಗಳು. 1995ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ, ಮೂಲನಿವಾಸಿಗಳದೇ ಆದ ಕುಎಂಬಾ ಜಾರ್ರಾ ತಂಡ ಅದನ್ನು ರಂಗಕ್ಕೆ ತಂದಿತು. ನಿರ್ದೇಶಕ ವೆಸ್ಲಿ ಈನಕ್ ಜೊತೆ ಕೂತು ಅದನ್ನು ಬರೆದವರೂ, ರಂಗದ ಮೇಲೆ ಒಬ್ಬರೇ ನಿಂತು ಆಡಿದವರೂ ಡೆಬ್ರಾ ಮೇಲ್ಮನ್. ಆಗ ಅವರಿಗೆ ಇಪ್ಪತ್ಮೂರು.

ಈಗ ಅವರು ಆಸ್ಟ್ರೇಲಿಯಾದ ಮನೆಮನೆಗೂ ಗೊತ್ತಿರುವ ನಟಿ. ಆದರೆ ಅವರ ಪರದೆಯ ಅಭಿನಯ ಅರ್ಥವಾಗಬೇಕಾದರೆ ಈ ಮಣ್ಣು, ಈ ಮಂಜುಗಡ್ಡೆಯಿಂದಲೇ ಶುರುಮಾಡಬೇಕು ಎಂಬುದು ಆ ತರಗತಿಯಲ್ಲಿ ಕೂತವರೆಲ್ಲರ ಒಮ್ಮತ. ನಾಟಕ ಸಂಘದ ಈಗಿನ ಹುಡುಗ ಹುಡುಗಿಯರು ಏಕವ್ಯಕ್ತಿ ಪ್ರಯೋಗಕ್ಕೆ ಕೈಹಾಕಿದಾಗ ಉಪಯೋಗಕ್ಕೆ ಬರಲಿ ಎಂದು ಅಳತೆ ತೂಕಗಳನ್ನೂ ಇಲ್ಲಿ ಸೇರಿಸಿದೆ.

ಮೇಲ್ಮನ್ ಹುಟ್ಟಿದ್ದು 1972ರ ಜುಲೈ 14ರಂದು, ಕ್ವೀನ್ಸ್‌ಲ್ಯಾಂಡಿನ ವಾಯವ್ಯ ಮೂಲೆಯ ಮೌಂಟ್ ಐಸಾದಲ್ಲಿ. ತಾಮ್ರ, ಸೀಸದ ಗಣಿಗಳ ಊರು. ಅಪ್ಪ ಬಿಡ್ಜರಾ ಜನಾಂಗದವರು. ಲಂಗುಲಗಾಮಿಲ್ಲದ ಕುದುರೆ, ಗೂಳಿಗಳನ್ನು ಏರುವ ರೋಡಿಯೊ ಪಂದ್ಯದ ಸವಾರ. ಅಮ್ಮ ನ್ಯೂಜಿಲೆಂಡಿನ ಮಾವೊರಿ, ನಾಟಿ ಪೊರೊ ಬುಡಕಟ್ಟಿನವರು. ಹಾಗಾಗಿ ಎರಡು ದೇಶಗಳ ಆದಿಮೂಲದ ರಕ್ತ ಅವರದು. 1992ರಲ್ಲಿ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ನಾಟಕ ಪದವಿ ಮುಗಿಸಿ, ಬ್ರಿಸ್ಬೇನಿನ ತಂಡಗಳಲ್ಲಿ ಶೇಕ್ಸ್‌ಪಿಯರ್ ಆಡುತ್ತ ಬೆಳೆದರು. ಗಯ್ಯಾಳಿ ಕೇಟ್‌ಳಿಂದ ಹಿಡಿದು ಮುಂದೆ ಸಿಡ್ನಿಯಲ್ಲಿ ಮಾಡಿದ ರೋಸಲಿಂಡ್‌ವರೆಗೆ, ಬಿಳಿಯರಿಗೆಂದೇ ಮೀಸಲಾದಂತಿದ್ದ ಪಾತ್ರಗಳನ್ನು ಅವರು ಸಲೀಸಾಗಿ ಹೊತ್ತರು.

ಮತ್ತೆ ನಾಟಕಕ್ಕೆ ಬರೋಣ. ಹೆಸರಿನಲ್ಲೇ ಒಂದು ಕೀಟಲೆಯಿದೆ. ದುಃಖಕ್ಕೆ ಐದು ಹಂತ ಎಂದು ಮನೋವೈದ್ಯೆ ಕೂಬ್ಲರ್-ರಾಸ್ ಹೇಳಿದ್ದರು, ಇಲ್ಲಿ ಏಳು. ಆ ಏಳು ಮೂಲನಿವಾಸಿಗಳ ಚರಿತ್ರೆಯ ಏಳು ಘಟ್ಟಗಳು: ಸೃಷ್ಟಿಯ ಕನಸುಕಾಲ, ಆಕ್ರಮಣ, ನರಮೇಧ, 'ರಕ್ಷಣೆ', ವಿಲೀನ, ಸ್ವನಿರ್ಣಯ, ಸಂಧಾನ. 'ರಕ್ಷಣೆ'ಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದು ಬೇಕೆಂದೇ. ಮಕ್ಕಳನ್ನು ತಾಯಂದಿರ ಮಡಿಲಿನಿಂದ ಕಿತ್ತೊಯ್ಯುವ ಕಾನೂನುಗಳಿಗೆ ಸರ್ಕಾರವೇ ಇಟ್ಟ ಹೆಸರು ಅದು. ಕಥೆ ಒಂದೇ ಎಳೆಯಲ್ಲಿ ಸಾಗುವುದಿಲ್ಲ, ಇಪ್ಪತ್ತಕ್ಕೂ ಹೆಚ್ಚು ತುಣುಕುಗಳಿವೆ. ಅಜ್ಜಿಯ ಸಾವು, ಅಂಗಡಿಯಲ್ಲಿ ಬಟ್ಟೆ ಕೊಳ್ಳಲು ಹೋದಾಗ ಬೆನ್ನುಬಿಡದ ಕಾವಲುಗಾರ, ಪೊಲೀಸ್ ವಶದಲ್ಲಿ ಸತ್ತ ಹದಿನೆಂಟರ ಹುಡುಗ. ಈ ಕೊನೆಯದು ನಿಜವಾಗಿ ನಡೆದದ್ದು, 1993ರಲ್ಲಿ, ಬ್ರಿಸ್ಬೇನಿನಲ್ಲೇ.

ಮಂಜುಗಡ್ಡೆಯ ಲೆಕ್ಕ ಹೀಗೆ. ಉದ್ದ, ಅಗಲ, ಎತ್ತರ 30 ಸೆಂ.ಮೀ. ಇರುವ ಗಡ್ಡೆಯ ತೂಕ ಸುಮಾರು 25 ಕೆ.ಜಿ. ಹಿಂದಿನ ಸಾಲಿಗೆ 'ದೊಡ್ಡದು' ಎನಿಸಬೇಕಾದರೆ ಇದರ ಎರಡರಷ್ಟಾದರೂ ಬೇಕು. ಐಸ್ ಫ್ಯಾಕ್ಟರಿಯಿಂದ ತಂದ ಗಡ್ಡೆಗೆ ಆಮೇಲೆ ಹಗ್ಗ ಬಿಗಿಯಲು ಹೋದರೆ ಕೆಲಸ ಕೆಡುತ್ತದೆ. ಹಗ್ಗ ಒತ್ತಿದ ಕಡೆ ಮಂಜು ಬೇಗ ಕರಗಿ, ಗಂಟು ಸಡಿಲಾಗಿ, ಮುಕ್ಕಾಲು ಗಂಟೆಯೊಳಗೆ ಗಡ್ಡೆ ಒಂದು ಕಡೆ ವಾಲುತ್ತದೆ. ನೀರು ಹೆಪ್ಪುಗಟ್ಟುವ ಮೊದಲೇ ಡಬ್ಬದೊಳಗೆ ಹಗ್ಗ ಇಳಿಬಿಟ್ಟು, ಒಳಗಿನ ತುದಿಗೆ ಗಂಟು ಹಾಕಿಟ್ಟರೆ ಮಂಜು ಅದರ ಸುತ್ತ ಕಟ್ಟಿಕೊಳ್ಳುತ್ತದೆ. ನಯವಾದ ನೈಲಾನ್ ಜಾರುತ್ತದೆ, ಒರಟು ಹುರಿಯೇ ವಾಸಿ. ಏಳು ಹಗ್ಗಗಳಲ್ಲಿ ಭಾರ ಎಂದೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಮೂರೋ ನಾಲ್ಕೋ ಹೊರುತ್ತವೆ, ಉಳಿದವು ತೋರಿಕೆಗೆ. ಆದ್ದರಿಂದ ಪ್ರತಿಯೊಂದು ಹಗ್ಗವೂ ಇಡೀ ಗಡ್ಡೆಯನ್ನು ಒಂಟಿಯಾಗಿ ಹೊರುವಂತಿರಲಿ, ಮೇಲಿನ ಕೊಂಡಿ ಗಡ್ಡೆಯ ತೂಕದ ಹತ್ತು ಪಟ್ಟು ತಡೆಯಲಿ. ಇಷ್ಟಾದ ಮೇಲೂ ನಟಿ ಅದರ ನೇರ ಕೆಳಗೆ ನಿಲ್ಲುವಂತಿಲ್ಲ, ಅಲ್ಲಿ ಗೋರಿ ಇದೆ.

ಸಭಾಂಗಣದ ಸೆಕೆ, ದೀಪಗಳ ಕಾವು ಸೇರಿ ಒಂದಡಿ ಗಡ್ಡೆಯಿಂದ ಗಂಟೆಗೆ ಎರಡು ಮೂರು ಕೆ.ಜಿ. ನೀರು ಇಳಿಯುತ್ತದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು, ಏಕೆಂದರೆ ಗಾಳಿಯ ತೇವವೂ ಗಡ್ಡೆಯ ಮೇಲೆ ಕೂತು ಹನಿಯುತ್ತದೆ. ದಿಬ್ಬದ ಮಣ್ಣು ಅಷ್ಟನ್ನೂ ಹೀರದಿದ್ದರೆ ನೀರು ಕರಿಪುಡಿಗೆ ಹರಿದು ನೆಲ ಎಣ್ಣೆ ಬಿದ್ದಂತಾಗುತ್ತದೆ, ನಟಿ ಬರಿಗಾಲಿನಲ್ಲಿರುತ್ತಾಳೆ. ದಿಬ್ಬದ ಒಳಗೆ, ಯಾರಿಗೂ ಕಾಣದಂತೆ, ಅಗಲವಾದ ಬಾಣಲಿ ಹೂತಿಡುವುದು ಹಳೆಯ ಉಪಾಯ. ದೀಪದ ವೈರುಗಳು ನೆಲದ ಮೇಲೆ ಎಲ್ಲೂ ಹರಿಯಬಾರದು. ಇನ್ನೊಂದು ವಿಷಯ: ಮಣ್ಣಿಗೆ ಬಿದ್ದ ಹನಿ ಸದ್ದು ಮಾಡುವುದಿಲ್ಲ. ನಿರ್ದೇಶಕರಿಗೆ ತೊಟ್ಟಿಕ್ಕುವ ಸದ್ದು ಬೇಕಿದ್ದರೆ ಒಂದು ತಗಡಿನ ಚೂರನ್ನು ಮಣ್ಣಿನಿಂದ ಅರ್ಧ ಹೊರಗಿಟ್ಟು ಹನಿ ಅದಕ್ಕೇ ಬೀಳುವಂತೆ ಮಾಡಬೇಕು. ರೆಕಾರ್ಡಿನ ಹನಿಸದ್ದು ಹಾಕುವವರಿದ್ದಾರೆ. ಕಣ್ಣೆದುರು ನಿಜವಾದ ಹನಿ ಬೀಳುತ್ತಿರುವಾಗ ಸ್ಪೀಕರಿನಲ್ಲಿ ಬೇರೆ ತಾಳದ ಹನಿ ಕೇಳಿದರೆ ಮೊದಲ ನಿಮಿಷಕ್ಕೇ ನಾಟಕ ಸತ್ತುಹೋಗುತ್ತದೆ.

ಮೊದಲ ದೃಶ್ಯ ಕತ್ತಲಲ್ಲಿ ಬಿಕ್ಕಳಿಕೆ. ಮಾತಿಲ್ಲ. ಶೋಕಕ್ಕೆ ಇರುವ ಪದಗಳು ಮಾತ್ರ ಒಂದಾದ ಮೇಲೊಂದು ಪರದೆಯ ಮೇಲೆ ಮೂಡುತ್ತವೆ. ಕಲಿಯುವವರು ಇಲ್ಲಿ ಮಾಡುವ ತಪ್ಪು ಗಂಟಲಿನಿಂದ ಅಳುವುದು. ಎರಡು ನಿಮಿಷ ಹಾಗೆ ಅತ್ತರೆ ಮುಂದಿನ ಒಂದು ಗಂಟೆ ಒಡಕು ದನಿಯಲ್ಲಿ ಕಳೆಯಬೇಕು. ಮೇಲುಸಿರು ಎಳೆದೆಳೆದು ತಲೆ ಸುತ್ತುವುದೂ ಉಂಟು. ಹೊಟ್ಟೆಯ ಸ್ನಾಯು ಹಿಡಿದು, ಉಸಿರು ಹೊರಬಿಡುವಾಗ ಅದನ್ನು ತುಂಡರಿಸಿದರೆ ಬಿಕ್ಕಳಿಕೆ ತಾನಾಗಿ ಬರುತ್ತದೆ, ದನಿಯೂ ಉಳಿಯುತ್ತದೆ.

ಸ್ವಲ್ಪ ಹೊತ್ತಿನಲ್ಲೇ ಆಕೆ ನೀಲಗಿರಿ ಸೊಪ್ಪು ಹೊತ್ತಿಸಿ ಹೊಗೆ ಹಾಕುತ್ತಾಳೆ, ಜಾಗ ಶುದ್ಧಿಮಾಡುವ ಕ್ರಮ ಅದು. ನಮ್ಮವರಿಗೆ ಈ ಸೊಪ್ಪಿಗೆ ಬರವಿಲ್ಲ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆಂದು ಹೇಳುವ ಈ ಮರದ ತವರು ಆಸ್ಟ್ರೇಲಿಯಾವೇ. ತೀರಾ ಒಣಗಿದ ಎಲೆ ಎಣ್ಣೆಯಿಂದಾಗಿ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಪೂರಾ ಹಸಿ ಎಲೆಗೆ ಬೆಂಕಿಯೇ ಹಿಡಿಯುವುದಿಲ್ಲ. ಒಂದು ಹಿಡಿ ಒಣಗಿದ್ದರ ಮೇಲೆ ಎರಡು ಹಿಡಿ ಹಸಿಯದು, ಕೆಳಗೆ ಎರಡು ಬೆರಳು ಮರಳು ತುಂಬಿದ ಕಬ್ಬಿಣದ ಬಾಣಲಿ, ಪಕ್ಕದ ಪರದೆಯ ಹಿಂದೆ ಮುಚ್ಚಳ ಹಿಡಿದು ಒಬ್ಬರು.

ಸೂಟ್‌ಕೇಸಿನ ವಿಷಯ ಕನ್ನಡದ ಪ್ರೇಕ್ಷಕರಿಗೆ ಬಿಡಿಸಿ ಹೇಳಲೇಬೇಕು. ನಮ್ಮಲ್ಲಿ ಹಿರಿಯರು ತೀರಿಕೊಂಡರೆ ಫೋಟೊಗೆ ಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿ ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕುತ್ತೇವೆ. ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳಲ್ಲಿ ಇದು ಪೂರ್ತಿ ತಿರುಗುಮುರುಗು. ಸತ್ತವರ ಹೆಸರು ಎತ್ತಬಾರದು, ಫೋಟೊ ಕಣ್ಣಿಗೆ ಬೀಳಬಾರದು. ಅಲ್ಲಿನ ಟಿ.ವಿ. ಕಾರ್ಯಕ್ರಮಗಳ ಮೊದಲಿಗೆ 'ಮೃತರ ಹೆಸರು, ಚಿತ್ರ ಇರಬಹುದು' ಎಂಬ ಎಚ್ಚರಿಕೆ ಬರುವುದು ಇದಕ್ಕೇ. ನಾಟಕದಲ್ಲಿ ಸತ್ತವರ ಫೋಟೊಗಳೆಲ್ಲ ಮನೆಯ ಒಂದು ಸೂಟ್‌ಕೇಸಿನೊಳಗೆ ಇವೆ. ಅದು ತೆರೆದುಕೊಳ್ಳುವ ಗಳಿಗೆಯ ಭಾರ ಈ ಪದ್ಧತಿ ಗೊತ್ತಿಲ್ಲದವರಿಗೆ ತಟ್ಟುವುದಿಲ್ಲ. ಆಲ್ಬಂ ತಿರುವಿಹಾಕುವ ದೃಶ್ಯ ಎಂದುಕೊಂಡುಬಿಡುತ್ತಾರೆ.

ಇನ್ನು ಮಣ್ಣಿನ ಗುಡ್ಡೆಗಳು. ಇಡೀ ನಾಟಕದಲ್ಲಿ ಇದಕ್ಕಿಂತ ಸರಳವಾದ, ಇದಕ್ಕಿಂತ ಕಷ್ಟದ ಭಾಗ ಇನ್ನೊಂದಿಲ್ಲ. ಆಕೆ ನೆಲದ ಮೇಲೆ ಕೂರುತ್ತಾಳೆ. ಬೊಗಸೆ ಮಣ್ಣು ಸುರಿದು ಗುಡ್ಡೆ ಮಾಡುತ್ತಾಳೆ, ಇದು ನೆಲ, ಎಲ್ಲದರ ಮೂಲ. ಅದರ ಸುತ್ತ ಇನ್ನಷ್ಟು ಗುಡ್ಡೆ: ಹಾಡು, ಕುಣಿತ, ಮನೆತನ, ಅಪ್ಪ, ಅಮ್ಮ, ಮಕ್ಕಳು. ಯಾರು ಯಾರಿಗೆ ಏನಾಗಬೇಕು, ಯಾರು ಯಾರನ್ನು ಮದುವೆಯಾಗಬಹುದು, ಯಾರನ್ನಾಗಬಾರದು ಎಂಬುದನ್ನು ಶಾಲೆಯ ಲೆಕ್ಕದ ಟೀಚರಂತೆ ವಿವರಿಸುತ್ತಾಳೆ. ತಿಳಿಯಿತಾ ಎಂದು ನಡುನಡುವೆ ನಮ್ಮನ್ನೇ ಕೇಳುತ್ತಾಳೆ. ಪ್ರೇಕ್ಷಕರು ತಲೆದೂಗುತ್ತಾರೆ, ಒಂದಿಬ್ಬರು ನಗುತ್ತಾರೆ. ಈಗ ಈ ಮಕ್ಕಳನ್ನು ಇಲ್ಲಿಂದ ತೆಗೆದುಕೊಂಡು ಹೋದರೆ? ಕೈಯಿಂದ ಒಂದೇ ಬೀಸು. ಗುಡ್ಡೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಮತ್ತದೇ ಪ್ರಶ್ನೆ, ತಿಳಿಯಿತಾ?

ಇಲ್ಲಿ ಮಣ್ಣಿನ ಹದ ಮುಖ್ಯ. ಒಣಮಣ್ಣು ಗುಡ್ಡೆ ನಿಲ್ಲದೆ ಜಾರುತ್ತದೆ. ಒದ್ದೆ ಹೆಚ್ಚಾದರೆ ಬೀಸಿದಾಗ ಹೆಂಟೆಹೆಂಟೆಯಾಗಿ ಉರುಳುತ್ತದೆ. ನೋಡುವವರು ನಗುತ್ತಾರೆ. ಜರಡಿ ಹಿಡಿದ ಕೆಮ್ಮಣ್ಣು ಒಂದು ಬಕೆಟ್, ಅದಕ್ಕೆ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಮುಟ್ಟಿದರೆ ಒಡೆಯಬೇಕು. ಪ್ರದರ್ಶನದ ಗಂಟೆ ಮೊದಲು ಒದ್ದೆಗೋಣಿ ಮುಚ್ಚಿಡಿ. ಮಾತಿನ ವೇಗಕ್ಕೂ ಕೈಯ ವೇಗಕ್ಕೂ ಹೊಂದಿಕೆ ಬರಲು ಹತ್ತು ಹದಿನೈದು ಸಲವಾದರೂ ಮಣ್ಣಿನಲ್ಲೇ ಅಭ್ಯಾಸ ಬೇಕು. ಮರಳಿನಲ್ಲೋ ಗಾಳಿಯಲ್ಲೋ ಮಾಡಿದರೆ ಎಣಿಕೆ ತಪ್ಪುತ್ತದೆ. ಬೀಸುವಾಗ ಸಿಟ್ಟು ತೋರಿಸಬಾರದು. ಅಡುಗೆಮನೆ ಕಟ್ಟೆ ಒರೆಸುವಷ್ಟು ಸಹಜವಾಗಿ ಕೈ ಹೋಗಬೇಕು. ಮಕ್ಕಳನ್ನು ಕೊಂಡೊಯ್ದ ಅಧಿಕಾರಿಗಳಿಗೂ ಅದು ದಿನದ ಕೆಲಸವೇ ಆಗಿತ್ತು.

ಪೊಲೀಸ್ ವಶದ ಸಾವಿನ ಭಾಗಕ್ಕೂ ಇದೇ ಮಾತು. ಅದನ್ನು ಬರೆದಿರುವುದು ವರದಿಯ ಧಾಟಿಯಲ್ಲಿ. ಅಲ್ಲಿ ಕಣ್ಣೀರು ಸುರಿಸುವ ನಟಿ ಪ್ರೇಕ್ಷಕರ ಪಾಲಿನ ಕೆಲಸವನ್ನು ಕಿತ್ತುಕೊಂಡಂತೆ.

ಒಂದು ಎಚ್ಚರಿಕೆ. ಮುಖಕ್ಕೆ ಕಪ್ಪು ಬಳಿದುಕೊಂಡು ಇದನ್ನು ಆಡಬೇಡಿ. ತರಗತಿಯಲ್ಲಿ ತುಣುಕುಗಳನ್ನು ಕಲಿಕೆಗೆ ಬಳಸುವುದು ಬೇರೆ, ಟಿಕೆಟ್ ಇಟ್ಟು ಪ್ರದರ್ಶಿಸುವುದು ಬೇರೆ. ಎರಡನೆಯದಕ್ಕೆ ಪ್ರಕಾಶಕರ ಮೂಲಕ ಲೇಖಕರ ಒಪ್ಪಿಗೆ ಬೇಕು, ಈ ಕಥೆ ಯಾರ ಬಾಯಿಂದ ಬರಬೇಕು ಎಂಬ ಪ್ರಶ್ನೆಗೂ ಉತ್ತರ ಬೇಕು.

ನೇರವಾಗಿ ಪ್ರೇಕ್ಷಕರ ಕಣ್ಣಿಗೆ ಕಣ್ಣಿಟ್ಟು ಮಾತಾಡುವ, ನಗಿಸುತ್ತಲೇ ಚಳಿ ಹುಟ್ಟಿಸುವ ಈ ಕಸುಬನ್ನು ಮೇಲ್ಮನ್ ಪರದೆಗೂ ಒಯ್ದರು. 1998ರ 'ರೇಡಿಯನ್ಸ್' ರೇಚಲ್ ಪರ್ಕಿನ್ಸ್ ಅವರ ಮೊದಲ ಕಥಾಚಿತ್ರ. ತಾಯಿಯ ಅಂತ್ಯಕ್ರಿಯೆಗೆ ಸೇರಿದ ಮೂವರು ಅಕ್ಕತಂಗಿಯರಲ್ಲಿ ಕಿರಿಯಳಾದ ನೋನಾ ಪಾತ್ರ ಮೇಲ್ಮನ್‌ಗೆ. ಅಕ್ಕ ಎಂದುಕೊಂಡವಳೇ ತನ್ನ ಹೆತ್ತ ತಾಯಿ ಎಂದು ನೋನಾಗೆ ಗೊತ್ತಾಗುವುದು ಕೊನೆಯ ಹೊತ್ತಿಗೆ. ಅಲ್ಲಿಯವರೆಗಿನ ಅವಳ ವಟವಟ, ಚೆಲ್ಲಾಟಗಳಲ್ಲಿ ಮುಂದಿನದರ ಸುಳಿವನ್ನು ಮೇಲ್ಮನ್ ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ಕಥೆ ಓದಿಕೊಂಡ ನಟರಿಗೆ ಇದಕ್ಕಿಂತ ಕಷ್ಟ ಬೇರೆ ಇಲ್ಲ. ಆ ವರ್ಷ ಆಸ್ಟ್ರೇಲಿಯಾ ಚಲನಚಿತ್ರ ಸಂಸ್ಥೆಯ ಅತ್ಯುತ್ತಮ ನಟಿ ಪ್ರಶಸ್ತಿ ಅವರದಾಯಿತು. ಅದನ್ನು ಪಡೆದ ಮೊದಲ ಮೂಲನಿವಾಸಿ ಮಹಿಳೆ.

2001ರಲ್ಲಿ ಶುರುವಾದ 'ದಿ ಸೀಕ್ರೆಟ್ ಲೈಫ್ ಆಫ್ ಅಸ್' ಧಾರಾವಾಹಿಯ ಕೆಲ್ಲಿ ಪಾತ್ರವನ್ನು ಎಲ್ಲಕ್ಕಿಂತ ಕಡಿಮೆ ಗಮನಿಸುತ್ತಾರೆ. ಅದು ಸರಿಯಲ್ಲ. ಮೆಲ್ಬರ್ನಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಗೆಳೆಯರ ಜೊತೆ ಇರುವ, ಪ್ರೀತಿ ಹುಡುಕುವ, ಬಾಡಿಗೆ ಕಟ್ಟುವ ಹುಡುಗಿ ಕೆಲ್ಲಿ. ಮೂಲನಿವಾಸಿಯಾಗಿರುವುದು ಅವಳ ಕಥೆಯ 'ಸಮಸ್ಯೆ' ಅಲ್ಲ. ಕುಡಿತ, ಜೈಲು, ಅನಾಥೆ ಎಂಬ ಮೂರು ಅಚ್ಚುಗಳಿಂದ ಆಚೆ ಇಂಥವರಿಗೆ ಪಾತ್ರವೇ ಸಿಗದ ಕಾಲದಲ್ಲಿ, ವಾರವಾರವೂ ಮನೆಯ ನಡುಕೋಣೆಗೆ ಬಂದ ಪಕ್ಕದ ಮನೆ ಹುಡುಗಿ ಅವಳು. 'ಪ್ಲೇ ಸ್ಕೂಲ್' ಎಂಬ ಮಕ್ಕಳ ಕಾರ್ಯಕ್ರಮದ ನಿರೂಪಕಿಯಾಗಿಯೂ ಅವರು ಇದನ್ನೇ ಮಾಡಿದ್ದರು.

2012 ಅವರ ತುಂಬು ವರ್ಷ. 'ದಿ ಸಫೈರ್ಸ್' 2004ರಲ್ಲಿ ನಾಟಕವಾಗಿ ಬಂದಾಗಲೂ ಅವರು ಅದರಲ್ಲಿದ್ದರು. ಸಿನಿಮಾದಲ್ಲಿ ವಿಯೆಟ್ನಾಂ ಯುದ್ಧಭೂಮಿಗೆ ಹಾಡಲು ಹೋಗುವ ಹುಡುಗಿಯರ ಗುಂಪಿನ ಹಿರಿಯಳು ಗೇಲ್ ಆದರು. ಅದೇ ವರ್ಷ 'ಮಾಬೊ' ಟೆಲಿಚಿತ್ರದಲ್ಲಿ, ನೆಲದ ಹಕ್ಕಿಗಾಗಿ ಹೋರಾಡಿದ ಎಡ್ಡಿ ಮಾಬೊ ಅವರ ಹೆಂಡತಿ ಬೊನೀಟಾ. ಈ ನೆಲ ಯಾರದೂ ಆಗಿರಲಿಲ್ಲ ಎಂಬ ಬಿಳಿಯರ ವಾದವನ್ನು 1992ರ ಜೂನ್ 3ರಂದು ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ತಳ್ಳಿಹಾಕಿತು. ಮೊಕದ್ದಮೆ ಹೂಡಿದ ಎಡ್ಡಿ ಮಾಬೊ ಅದೇ ಜನವರಿಯಲ್ಲಿ ತೀರಿಹೋಗಿದ್ದರು. ಆ ನಾಲ್ಕೂವರೆ ತಿಂಗಳ ಅಂತರ ಹೆಂಡತಿಯ ಮುಖದ ಮೇಲೆ ಕಾಣಬೇಕು, ಕಾಣುತ್ತದೆ. 2017ರಲ್ಲಿ 'ಆರ್ಡರ್ ಆಫ್ ಆಸ್ಟ್ರೇಲಿಯಾ' ಗೌರವ. 2019ರಿಂದ 2024ರವರೆಗೆ ಮೂರು ಸೀಸನ್‌ಗಳಲ್ಲಿ ಬಂದ 'ಟೋಟಲ್ ಕಂಟ್ರೋಲ್' ಧಾರಾವಾಹಿಯಲ್ಲಿ ಸಂಸತ್ತಿಗೆ ಕಾಲಿಟ್ಟು ಯಾರ ಕೈಗೂ ಸಿಗದ ಅಲೆಕ್ಸ್ ಅರ್ವಿಂಗ್. ಅಲೆಕ್ಸ್ ಎದುರಾಳಿಯ ಮಾತು ಕೇಳಿಸಿಕೊಳ್ಳುವಾಗ ಒಮ್ಮೆ ಗಮನಿಸಿ: ಗುಡ್ಡೆ ಕಟ್ಟುತ್ತಿದ್ದವಳ ತಾಳ್ಮೆ ಅಲ್ಲಿದೆ, ಬೀಸು ಯಾವಾಗ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಆ ನಾಟಕವೂ ನಿಂತಿಲ್ಲ. ಬೇರೆ ಬೇರೆ ಮೂಲನಿವಾಸಿ ನಟಿಯರು ಅದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ. 2021ರಲ್ಲಿ ಸಿಡ್ನಿ ಥಿಯೇಟರ್ ಕಂಪನಿಗೆ ಎಲೇನ್ ಕ್ರಾಂಬಿ ಆಡಿದರು. ನಿರ್ದೇಶಿಸಿದ್ದು 'ದಿ ಸಫೈರ್ಸ್' ಚಿತ್ರದಲ್ಲಿ ಮೇಲ್ಮನ್ ಜೊತೆ ಹಾಡಿದ ಶಾರಿ ಸೆಬೆನ್ಸ್.

ಕೊನೆಗೆ ಆ ಸೂಟ್‌ಕೇಸನ್ನು ಆಕೆ ತಂದು ಪ್ರೇಕ್ಷಕರ ಮುಂದೆ ಇಡುತ್ತಾಳೆ. ಚಪ್ಪಾಳೆಗೆ ತಲೆಬಾಗಿ ಒಳಹೋಗುವಾಗ ಅಭ್ಯಾಸಬಲದಿಂದ ಅದನ್ನು ಎತ್ತಿಕೊಂಡು ಹೋಗುವ ನಟಿಯರಿದ್ದಾರೆ. ಹಾಗೆ ಮಾಡಕೂಡದು. ಅದು ಮುಂದಿನ ಸಾಲಿನವರ ಕಾಲಬಳಿಯೇ ಇರಲಿ. ಕೊನೆಯ ಪ್ರೇಕ್ಷಕರು ಹೊರಗೆ ಹೋದ ಮೇಲೆ ಮೊದಲು ಮಂಜುಗಡ್ಡೆ ಇಳಿಸಿ, ನೆಲ ಒರೆಸಿ, ಆಮೇಲೆ ಅದನ್ನು ಎತ್ತಿಡಿ.