ಮೆಟ್ಟಿಲ ಮೇಲೆ ಅವರೆಕಾಯಿ

ಇವತ್ತು ಸಂಜೆ ಕರೆಂಟ್ ಹೋಯಿತು. ಪಕ್ಕದ ಮನೆ ಆಂಟಿ ಅವರೆಕಾಯಿ ಮೊರ ಹಿಡಿದು ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತರು. ಸುಮ್ನೆ ನಾನೂ ಬಿಡಿಸಲು ಕೂತೆ. ಹತ್ತು ನಿಮಿಷದಲ್ಲಿ ಐದು ಜನ!

ದೋಶಿ ಮೇಷ್ಟ್ರು ನೆನಪಾದರು. ಕಟ್ಟಡಗಳ ವಿನ್ಯಾಸ ಮಾಡುತ್ತಿದ್ದ ಆರ್ಕಿಟೆಕ್ಟ್ ಬಾಲಕೃಷ್ಣ ದೋಶಿ. ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಅವರದೇ ಕೈಚಳಕ. 1962ರಲ್ಲಿ ಅಹಮದಾಬಾದಿನಲ್ಲಿ ಆರ್ಕಿಟೆಕ್ಚರ್ ಶಾಲೆ ಶುರು ಮಾಡಿದರು, ಆಮೇಲೆ ಪ್ಲಾನಿಂಗ್ ಶಾಲೆ. 2018ರಲ್ಲಿ ಪ್ರಿಟ್ಜ್‌ಕರ್, ಅಂದರೆ ಆರ್ಕಿಟೆಕ್ಟುಗಳ ಪಾಲಿನ ನೊಬೆಲ್ ಅನ್ನೋ ಪ್ರಶಸ್ತಿ ಬಂದಾಗ ವಯಸ್ಸು 90. ಅದಿರಲಿ.

ನನಗೆ ಜಾಸ್ತಿ ಇಷ್ಟ ಇಂದೋರಿನಲ್ಲಿ ಅವರು ರೂಪಿಸಿದ ‘ಅರಣ್ಯ’ ಅನ್ನೋ ಬಡಾವಣೆ. ಅಲ್ಲಿ ಬಡವರಿಗೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಒಂದು ತಳಪಾಯ, ಒಂದು ನಲ್ಲಿ, ಒಂದು ಕಕ್ಕಸು. ದುಡ್ಡು ಬಂದಂತೆ ಒಂದೊಂದೇ ರೂಮು ನೀವೇ ಏರಿಸಿಕೊಳ್ಳಿ ಅಂತ. ಹೀಗೆ ಕಟ್ಟಬಹುದು ಎಂದು ತೋರಿಸೋಕೆ 80 ಮಾದರಿ ಮನೆ ಮಾತ್ರ ಮಾಡಿಟ್ಟರು. ಅವುಗಳ ಮುಂದೆ ಬೀದಿಗೆ ಚಾಚಿದ ಜಗಲಿ, ಮೆಟ್ಟಿಲು. ಕೂತು ಹರಟೋಕೆ ಡ್ರಾಯಿಂಗಿನಲ್ಲೇ ಜಾಗ!

ನಮ್ಮ ಮೆಟ್ಟಿಲಿಗೆ ಅಂಥ ಯೋಚನೆ ಎಲ್ಲಿಂದ ಬರಬೇಕು? ಮೇಸ್ತ್ರಿ ಉಳಿದ ಕಲ್ಲು ಹಾಕಿದ್ದು, ಅಷ್ಟೇ.

ಕರೆಂಟ್ ಬಂತು. ಯಾರೂ ಏಳಲಿಲ್ಲ. ಮೊರದಲ್ಲಿ ಇನ್ನೂ ಅರ್ಧ ಕಾಯಿ ಇತ್ತು, ಏಳೋದಾದರೂ ಹೇಗೆ ಅಲ್ವಾ? ನಮಗೂ ಒಂದು ಪಾವು ಕಾಳು ಸಿಕ್ಕಿತು.