ಅಂಟಿಸಿದ ಜಾಡಿಗೆ ಮತ್ತೆ ಉಪ್ಪಿನಕಾಯಿ ಹಾಕಬಹುದೇ?

ಒಡೆದ ಪಿಂಗಾಣಿಯನ್ನು ನಾನು ಮನೆಯಲ್ಲೇ ಜೋಡಿಸುತ್ತೇನೆಂದು ತಿಳಿದವರೆಲ್ಲ ಕೇಳುವುದು ಇದನ್ನೇ. ಬಳ್ಳಾರಿಯಲ್ಲಿ ಮಾವಿನಕಾಯಿ ಬರುವ ದಿನಗಳಲ್ಲಂತೂ ಈ ಪ್ರಶ್ನೆ ತಪ್ಪಿದ್ದಲ್ಲ. ಅಟ್ಟದಿಂದ ಅಜ್ಜಿಯ ಜಾಡಿ ಇಳಿಸುವಾಗಲೇ ಕೈಜಾರುತ್ತದೆ. ನನ್ನ ಉತ್ತರ ಇಷ್ಟೇ: ಖಂಡಿತ ಜೋಡಿಸಿ, ಆದರೆ ಉಪ್ಪಿನಕಾಯಿ ಹಾಕಬೇಡಿ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಪಾಕ್ಸಿ ಅಂಟು ಆಹಾರಕ್ಕೆಂದು ಮಾಡಿದ್ದಲ್ಲ. ಉಪ್ಪು, ಹುಳಿ, ಎಣ್ಣೆ ತಿಂಗಳುಗಟ್ಟಲೆ ಆ ಅಂಟಿಗೆ ತಾಗಿಕೊಂಡೇ ಇರುತ್ತವೆ. ಸಂದಿಗೆ ಸೇರಿದ ಕೊಳೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಬಿಸಿ ತಾಗಿದರೆ ಅಂಟು ಮೆತ್ತಗಾಗುವುದೂ ಉಂಟು. ಆದ್ದರಿಂದಲೇ ಹಿಡಿಕೆ ಮುರಿದ ಕಪ್ಪನ್ನು ಅಂಟಿಸಿ ಅದರಲ್ಲಿ ಚಹಾ ಕುಡಿಯುವುದನ್ನು ನಾನು ಒಪ್ಪುವುದೇ ಇಲ್ಲ. ಹಿಡಿಕೆ ಕಳಚಿದರೆ ಸುಡುವ ಚಹಾ ಮಡಿಲಿಗೇ ಬೀಳುತ್ತದೆ. ಮಡಿಲಲ್ಲಿ ಮಗುವಿದ್ದರೆ?

ಬಳಸಲಾಗದ ಮೇಲೆ ಜೋಡಿಸುವುದಾದರೂ ಏಕೆ ಎನ್ನುತ್ತಾರೆ. ನಮ್ಮೂರಿನ ಪಕ್ಕದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಹೇಗೆ ಬದುಕಿದರೆಂದು ಹೇಳಿದವುಗಳಲ್ಲಿ ಮಡಕೆಯ ಚೂರುಗಳೂ ಸೇರಿವೆ. ಹಂಪಿಯಲ್ಲಿ ಸಿಕ್ಕಿದ ಚೀನಾ ಪಿಂಗಾಣಿಯ ಚೂರುಗಳು ವಿಜಯನಗರದ ದೂರದ ವ್ಯಾಪಾರದ ಗುರುತು. ಅಜ್ಜಿಯ ಜಾಡಿಗೆ ಅಷ್ಟು ವಯಸ್ಸಾಗಿಲ್ಲ, ನಿಜ. ಆದರೆ ಆ ಮನೆಯವರಿಗೆ ಅದರ ಬೆಲೆ ಕಡಿಮೆಯೇನಲ್ಲ. ಒಡೆದದ್ದು ಮನೆಯಲ್ಲಿರಬಾರದು ಎನ್ನುವ ಹಿರಿಯರಿಗೂ ನಾನು ಹೇಳುವುದು, ಜೋಡಿಸಿದ ಮೇಲೆ ಅದು ಒಡೆದದ್ದಲ್ಲ.

ಮೊದಲು ನೆಲವನ್ನೆಲ್ಲ ಹುಡುಕಿ, ಅಕ್ಕಿಕಾಳಿನಷ್ಟು ಚೂರನ್ನೂ ಬಿಡದೆ ಕಾಗದಕ್ಕೆ ಹಾಕಿಕೊಳ್ಳಿ. ಸರಿಹೊಂದುತ್ತದೆಯೇ ಎಂದು ಅಂಚಿಗೆ ಅಂಚು ಉಜ್ಜಬೇಡಿ, ಅಂಚು ಸವೆದರೆ ಗೆರೆ ದಪ್ಪವಾಗಿ ಕಾಣುತ್ತದೆ. ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಎಣ್ಣೆ ಹಿಡಿದ ಅಂಚುಗಳನ್ನು ಉಗುರುಬಣ್ಣ ತೆಗೆಯಲೂ ಬಳಸುವ ಅಸಿಟೋನ್‌ನಿಂದ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಅಂಟಿಲ್ಲದೆ, ಬರೀ ಟೇಪ್ ಹಚ್ಚಿ ಇಡೀ ಜಾಡಿಯನ್ನು ಒಮ್ಮೆ ನಿಲ್ಲಿಸಿ ನೋಡಿ, ಚೂರುಗಳಿಗೆ ಪೆನ್ಸಿಲ್‌ನಿಂದ ಸಂಖ್ಯೆ ಬರೆದುಕೊಳ್ಳಿ. ಕ್ರಮ ತಪ್ಪಿದರೆ ಕೊನೆಯ ಚೂರಿಗೆ ಒಳಹೋಗಲು ದಾರಿಯೇ ಇರುವುದಿಲ್ಲ. ಜನ ಅವಸರಪಡುವುದು ಇಲ್ಲೇ, ಕೆಲಸ ಕೆಡುವುದೂ ಇಲ್ಲೇ.

ಕ್ಷಣದಲ್ಲಿ ಹಿಡಿಯುವ ಅಂಟು ಬೇಡ. ಕೂದಲೆಳೆಯಷ್ಟು ಓರೆಯಾದರೂ ತಿದ್ದಲು ಬಿಡುವುದಿಲ್ಲ. ಎರಡು ಟ್ಯೂಬ್‌ಗಳಲ್ಲಿ ಬರುವ, ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಎಂಬ ಎಪಾಕ್ಸಿ ಅಂಟು ಒಳ್ಳೆಯದು. ಎರಡೂ ಟ್ಯೂಬ್‌ಗಳಿಂದ ಸಮ ಪ್ರಮಾಣದಲ್ಲಿ ತೆಗೆದು, ಚೆನ್ನಾಗಿ ಕಲಸಿ, ಕಡ್ಡಿಯಿಂದ ಒಂದೇ ಅಂಚಿಗೆ ತೆಳ್ಳಗೆ ಸವರಿ. ತಳದಿಂದ ಮೇಲಕ್ಕೆ ಕಟ್ಟುತ್ತ ಬನ್ನಿ. ಗೆರೆಗೆ ಅಡ್ಡಲಾಗಿ ಟೇಪ್ ಎಳೆದು ಹಚ್ಚಿ, ಚೂರು ತನ್ನ ಭಾರದಿಂದಲೇ ಕೂರುವಂತೆ ಮರಳು ತುಂಬಿದ ಬುಟ್ಟಿಯಲ್ಲಿ ನಿಲ್ಲಿಸಿ. 24 ಗಂಟೆ ಅದನ್ನು ಮುಟ್ಟಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಸೆಕೆಗೆ ಅಂಟು ಬೇಗ ಗಟ್ಟಿಯಾಗುತ್ತದೆ. ಬೆಳಗಿನ ಜಾವವೇ ಕೂತು ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ಹೊರಬಂದ ಅಂಟನ್ನು ಗಟ್ಟಿಯಾಗುವ ಮೊದಲೇ ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿ. ಚೂರು ಕಳೆದುಹೋದ ಜಾಗಕ್ಕೆ ಹಿಟ್ಟಿನಂತೆ ನಾದಿ ತುಂಬುವ ಎಂ-ಸೀಲ್ ತುಂಬಿ, ನಯವಾದ ಉಜ್ಜುಕಾಗದದಿಂದ ತಿಕ್ಕಿ, ಬಣ್ಣ ಹಚ್ಚಬಹುದು.

ನೀರಿನ ಮಣ್ಣಿನ ಗಡಿಗೆಯನ್ನು ಮಾತ್ರ ಅಂಟಿಸಲು ಹೋಗಬೇಡಿ, ಕುಡಿಯುವ ನೀರಿಗೆ ಅಂಟು ಸೇರುವುದು ಬೇಡ. ಅದರ ಬೋಕಿಗಳನ್ನು ತುಳಸಿ ಕುಂಡದ ತಳದ ತೂತಿನ ಮೇಲಿಡಿ, ನೀರು ಹರಿದುಹೋಗುತ್ತದೆ, ಮಣ್ಣು ನಿಲ್ಲುತ್ತದೆ.

ಜೋಡಿಸಿದ ಜಾಡಿಯಲ್ಲಿ ಸೌಟುಗಳನ್ನೋ ಒಣಹೂವನ್ನೋ ಇಡಿ. ಈ ವರ್ಷದ ಉಪ್ಪಿನಕಾಯಿಗೆ ಹೊಸ ಜಾಡಿಯನ್ನೇ ಕೊಳ್ಳಿ. ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಿ: ಠಣ್ಣೆಂದರೆ ಸರಿ, ದಬ್ಬೆಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕಿದೆ. ಮನೆಗೆ ತಂದ ಮೇಲೆ ರಾತ್ರಿಯಿಡೀ ನೀರು ತುಂಬಿ ಕಾಗದದ ಮೇಲಿಟ್ಟು, ಕಾಗದ ಒದ್ದೆಯಾಗದಿದ್ದರೆ ಒಣಗಿಸಿ ಬಳಸಿ.