ಪೇಂಟ್ ಬಿಲ್ಲಿನ ಕಥೆ

ನನ್ನ ಮೊದಲ ಇಂಟರ್‌ವ್ಯೂ ಕೆಟ್ಟಿದ್ದು ಕಷ್ಟದ ಪ್ರಶ್ನೆಯಿಂದಲ್ಲ. "ನಿಮ್ಮ ಬಗ್ಗೆ ಹೇಳಿ" ಅಂದರು, ಅಷ್ಟೇ. ಅದಕ್ಕೆ ಒಂದು ವಾರದಿಂದ ತಯಾರಿ ಮಾಡಿದ್ದೆ. ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ. ಹೆಸರು, ಊರು ತಿಪಟೂರು, ಅಪ್ಪ ತೆಂಗು ಬೆಳೆಗಾರರು, ಅಮ್ಮ, ತಮ್ಮ, ಎಸ್ಸೆಸ್ಸೆಲ್ಸಿಯಿಂದ ಬಿ.ಕಾಂವರೆಗಿನ ಪರ್ಸೆಂಟೇಜು, ಹವ್ಯಾಸ, ಕೊನೆಗೆ ನಾನು ಹಾರ್ಡ್ ವರ್ಕರ್ ಅಂತ ಒಂದು ಸಾಲು. ತಮ್ಮನ ವಿಷಯಕ್ಕೆ ಬಂದಿದ್ದೆ, ಎದುರಿದ್ದವರು ಮಧ್ಯೆ ಲೆಕ್ಕ ಬರೆಯೋ ಸಾಫ್ಟ್‌ವೇರ್ ಬಗ್ಗೆ ಕೇಳಿದರು: "ಟ್ಯಾಲಿ ಎಷ್ಟು ವರ್ಷದಿಂದ ಗೊತ್ತು?" "ಎರಡು ವರ್ಷ ಸರ್" ಅಂದೆ. ಆಮೇಲೆ ಎಲ್ಲಿ ಬಿಟ್ಟಿದ್ದೆ ಅನ್ನೋದೇ ನೆನಪಾಗಲಿಲ್ಲ. ಮತ್ತೆ ಹೆಸರಿನಿಂದ ಶುರು ಮಾಡಿದೆ. ಅವರು ನನ್ನ ರೆಸ್ಯೂಮೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ಅವತ್ತು ರಾತ್ರಿ ಬೆಂಗಳೂರಿನ ವಿಜಯನಗರದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೆ. ದೊಡ್ಡಮ್ಮನ ಮಗಳು, ನನ್ನ ಅಕ್ಕ, ಒಂದು ಆಫೀಸಿನಲ್ಲಿ ಎಚ್‌ಆರ್. ಹೇಳಿದ್ದನ್ನೇ ಇನ್ನೊಮ್ಮೆ ಹೇಳು ಅಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. 3 ನಿಮಿಷ 40 ಸೆಕೆಂಡ್. "ಒಂದು ನಿಮಿಷ ಸಾಕು ಕಣೇ. ಮನೆಯವರ ಹೆಸರು, ಮಾರ್ಕ್ಸು ಎಲ್ಲ ಅವರ ಕೈಯಲ್ಲಿರೋ ರೆಸ್ಯೂಮೆಯಲ್ಲೇ ಇದೆ" ಅಂದು ಪೆನ್ನು ತಗೊಂಡು ಗೀಟು ಹಾಕುತ್ತಾ ಹೋದಳು.

ಅಪ್ಪನ ಸಾಲಿನ ಮೇಲೂ ಗೀಟು ಬಿತ್ತು. ನನಗೆ ಸಂಕಟವಾಯಿತು. ನಾನು ಓದಿದ್ದೇ ಕೊಬ್ಬರಿ ದುಡ್ಡಿನಲ್ಲಿ. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೇ ಒಣಗಬೇಕು. ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆದು ಮಾರುಕಟ್ಟೆಗೆ. ನನ್ನ ಫೀಸು ಆ ಅಟ್ಟ ಖಾಲಿಯಾಗೋದನ್ನೇ ಕಾಯುತ್ತಿತ್ತು. ಅಕ್ಕನಿಗೆ ಅದನ್ನೇ ಹೇಳಿದೆ. "ಅಪ್ಪನ ಬಗ್ಗೆ ಕೇಳಿದರೆ ಹೀಗೇ ಹೇಳು, ಎಷ್ಟು ಚೆನ್ನಾಗಿದೆ. ಆದರೆ ಕೆಲಸ ಕೇಳ್ತಿರೋದು ನೀನಲ್ವಾ? ಆ ಹಾರ್ಡ್‌ವೇರ್ ಅಂಗಡಿಯಲ್ಲಿ ಏನ್ಮಾಡ್ತಿದ್ದೆ, ಅದು ಹೇಳು ಮೊದಲು."

ಕಾಲೇಜು ಮುಗಿಸಿ ಸಂಜೆ ಹೊತ್ತು ಎರಡು ವರ್ಷ ಅಲ್ಲಿ ಲೆಕ್ಕ ಬರೆದಿದ್ದೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಅನ್ನೋ ಪಟ್ಟಿ ಬರುತ್ತೆ. ನಾವು ಖರೀದಿ ಮಾಡಿದ್ದನ್ನು ಮಾರಿದವರು ತೋರಿಸಿದ್ದಾರಾ ಅಂತ ಅದರಲ್ಲಿ ನೋಡಬೇಕು. ಒಂದು ತಿಂಗಳು 1 ಲಕ್ಷ ರೂಪಾಯಿಯ ಪೇಂಟ್ ಬಿಲ್ ಅಲ್ಲಿ ಕಾಣಲೇ ಇಲ್ಲ. ಜಿಎಸ್‌ಟಿ 18 ಪರ್ಸೆಂಟ್ ಅಂದರೆ 18,000 ರೂಪಾಯಿ ಇನ್‌ಪುಟ್, ಅಂದರೆ ಖರೀದಿ ಮಾಡುವಾಗ ಕೊಟ್ಟು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋ ದುಡ್ಡು. ಡೀಲರ್‌ಗೆ ಫೋನ್ ಮಾಡಿದೆ. ಅವರ ಹುಡುಗ ನಮ್ಮ ಜಿಎಸ್‌ಟಿ ನಂಬರ್ ಹಾಕದೆ ಸುಮ್ನೆ ಗಿರಾಕಿಗೆ ಮಾರಿದ ಹಾಗೆ ತೋರಿಸಿಬಿಟ್ಟಿದ್ದ. ಮುಂದಿನ ರಿಟರ್ನ್‌ನಲ್ಲಿ ಸರಿ ಮಾಡಿಸಿದೆ.

"ಇದನ್ನ ಯಾಕೆ ಬರೆದಿಲ್ಲ?" ಅಂದಳು ಅಕ್ಕ. ಊರಿನ ಅಂಗಡಿ ಕೆಲಸವನ್ನ ಬೆಂಗಳೂರಲ್ಲಿ ಏನು ಹೇಳೋದು ಅಂದುಕೊಂಡಿದ್ದೆ. ನನ್ನ ಜೊತೆ ಓದಿದವರಲ್ಲೂ ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ಮಂಡಿಯಲ್ಲಿ ತೂಕ ಬರೆದಿದ್ದು, ಮಕ್ಕಳಿಗೆ ಟ್ಯೂಷನ್ ಹೇಳಿದ್ದು, ಯಾವುದೂ ಅವರ ಬಾಯಲ್ಲಿ ಬರಲ್ಲ. ನನಗೆ ಅದು ನಿಜವಾಗಿ ಬೇಜಾರು.

ಅಕ್ಕ ಮತ್ತೆ ಬರೆಯಲು ಬಿಡಲಿಲ್ಲ. ಬಸ್ ಟಿಕೆಟ್ ಹಿಂದೆ ಮೂರೇ ಮಾತು: ಅಂಗಡಿ, ಪೇಂಟ್ ಬಿಲ್, ಮುಂದೆ. ಎಲ್ಲಿ ಕೆಲಸ ಮಾಡಿದೆ, ಏನು ಸರಿ ಮಾಡಿದೆ, ಈಗ ಎಂಥ ಕೆಲಸ ಬೇಕು. ಪಾತ್ರೆ ತೊಳೆಯುವಾಗ ಹೇಳಿಕೊಂಡೆ, ಬಟ್ಟೆ ಒಣಗಿಸುವಾಗ ಹೇಳಿಕೊಂಡೆ. ಪ್ರತಿ ಸಲ ಬೇರೆ ಬೇರೆ ಪದ ಬರುತ್ತಿತ್ತು. ಮಧ್ಯೆ ದೊಡ್ಡಮ್ಮ "ಸಾರಿಗೆ ಉಪ್ಪು ನೋಡು" ಅಂತ ಕರೆದರೂ ವಾಪಸ್ ಬಂದು ಅಲ್ಲಿಂದಲೇ ಮುಂದುವರಿಸುತ್ತಿದ್ದೆ.

ಅದು ಮೊದಲು ಉಪಯೋಗಕ್ಕೆ ಬಂದಿದ್ದು ಊರಿನ ಒಂದು ಮದುವೆಯಲ್ಲಿ. ಕೈ ತೊಳೆಯುವ ಹತ್ತಿರ ಅಪ್ಪನ ಪರಿಚಯದವರೊಬ್ಬರು "ಏನಮ್ಮ ಮಾಡ್ತಿದೀಯ ಈಗ?" ಅಂದರು. ಮುಂಚೆ ಆಗಿದ್ದರೆ "ಕೆಲಸ ಹುಡುಕ್ತಿದೀನಿ ಅಂಕಲ್" ಅಂತ ತಲೆ ತಗ್ಗಿಸುತ್ತಿದ್ದೆ. ಈ ಸಲ "ಬಿ.ಕಾಂ ಮುಗೀತು. ಎರಡು ವರ್ಷ ಅಂಗಡೀಲಿ ಟ್ಯಾಲಿ, ಜಿಎಸ್‌ಟಿ ನೋಡಿಕೊಂಡಿದೀನಿ. ಅಕೌಂಟ್ಸ್‌ನಲ್ಲೇ ಕೆಲಸ ನೋಡ್ತಿದೀನಿ" ಅಂದೆ. ಅವರು ನಂಬರ್ ತಗೊಂಡರು. ಹತ್ತು ದಿನಕ್ಕೆ ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಿಂದ ಫೋನ್ ಬಂತು.

ಅಲ್ಲೂ ಅದೇ ಪ್ರಶ್ನೆ. ನನ್ನ ಇಂಗ್ಲಿಷ್ ಒಂದೆರಡು ಕಡೆ ತಡವರಿಸಿತು, ಆದರೂ ನಿಲ್ಲಲಿಲ್ಲ. ಪೇಂಟ್ ಬಿಲ್ ಹತ್ತಿರ ಬಂದಾಗ ಎದುರಿದ್ದ ಮೇಡಂ ತಡೆದರು. "ಡೀಲರ್ ಒಪ್ಪಿಕೊಂಡರಾ ತಕ್ಷಣ?" ಅಂತ ಕನ್ನಡದಲ್ಲೇ ಕೇಳಿದರು. "ಇಲ್ಲ ಮೇಡಂ, ಮೂರು ಸಲ ಫೋನ್ ಮಾಡಬೇಕಾಯ್ತು. ಕೊನೆಗೆ ಬಿಲ್ಲಿನ ಫೋಟೋ ಕಳಿಸಿದೆ" ಅಂದೆ.

ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. "ನಮ್ಮದೂ ಎರಡು ಬಿಲ್ ಹಾಗೇ ನಿಂತಿದೆ. ನೋಡಿ, ಏನಾಗಿರಬಹುದು?"

ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ.